ಸಿಕ್ಲೇಡ್ಸ್ ದ್ವೀಪಗಳಿಗೆ ನಿಧಾನದ ಹಡಗೇ ಸರಿ: ಗ್ರೀಸ್‌ನ ಫೆರ್ರಿ ಸೇವೆಯ ವಿಮರ್ಶೆ

ಜರ್ಮನಿಯ ಒಂದೇ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುತ್ತಿರುವ ನಾವು ಐವರು ಕನ್ನಡಿಗರು, ಚಳಿಗಾಲದ ಸೆಮಿಸ್ಟರ್ ಆರಂಭವಾಗುವ ಮುನ್ನ, ಸೆಪ್ಟೆಂಬರ್ ತಿಂಗಳ ಮೊದಲ ಹತ್ತು ದಿನಗಳನ್ನು ಗ್ರೀಸ್‌ನ ಸಿಕ್ಲೇಡ್ಸ್ ದ್ವೀಪಗಳಲ್ಲಿ ಕಳೆದು ಬಂದೆವು. ಜರ್ಮನಿಯ ನಿವಾಸ ಪರವಾನಗಿ ಇರುವವರಿಗೆ ಷೆಂಗೆನ್ ಒಪ್ಪಂದದ ಕಾರಣ ಗ್ರೀಸ್‌ಗೆ ಬೇರೆ ವೀಸಾ ಬೇಕಾಗುವುದಿಲ್ಲ; ಪಾಸ್‌ಪೋರ್ಟ್ ಮತ್ತು ಪರವಾನಗಿಯ ಕಾರ್ಡ್ ಎರಡೂ ಜೊತೆಗಿರಬೇಕು. ಹೊರಡುವ ಮೊದಲು ಕನ್ನಡದಲ್ಲಿ ಈ ಬಗ್ಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಾಗ ಸ್ಯಾಂಟೊರಿನಿಯ ಬಿಳಿ ಮನೆಗಳ ಚಿತ್ರಗಳು ಬೇಕಾದಷ್ಟು ಸಿಕ್ಕವು, ಆದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಹಡಗುಗಳ ವಿಚಾರ ಹೆಚ್ಚೇನೂ ಸಿಗಲಿಲ್ಲ. ರೂಮು ಹಿಡಿಸದಿದ್ದರೆ ಬದಲಾಯಿಸಬಹುದು, ಊಟ ಹಿಡಿಸದಿದ್ದರೆ ಪಕ್ಕದ ಹೋಟೆಲಿಗೆ ಹೋಗಬಹುದು. ಹಡಗಿನ ಆಯ್ಕೆ ತಪ್ಪಿದರೆ ಮಾತ್ರ ಇಡೀ ಪ್ರವಾಸದ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಈ ಬರಹ ಮುಖ್ಯವಾಗಿ ಹಡಗುಗಳನ್ನು ಕುರಿತದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿದ್ಯಾರ್ಥಿಗಳು ದೊಡ್ಡ, ನಿಧಾನದ ಹಡಗನ್ನೇ ಹಿಡಿಯಬೇಕು, ಒಂದು ದ್ವೀಪವನ್ನು ನೆಲೆಯಾಗಿಸಿಕೊಂಡು ಸುತ್ತಲಿನ ಸಣ್ಣ ದ್ವೀಪಗಳನ್ನು ನೋಡಬೇಕು, ವೇಗದ ದೋಣಿಗಳಿಗೆ ಹಣ ಸುರಿಯಬಾರದು.

ಸಿಕ್ಲೇಡ್ಸ್‌ಗೆ ಹೋಗುವ ಹೆಚ್ಚಿನ ಹಡಗುಗಳು ಹೊರಡುವುದು ಅಥೆನ್ಸ್‌ಗೆ ಅಂಟಿಕೊಂಡಿರುವ ಪಿರೇಯಸ್ ಬಂದರಿನಿಂದ. ಹಳೆಯ ಹಸಿರು ಮೆಟ್ರೊ ಮಾರ್ಗ ಮೊದಲಿನಿಂದಲೂ ಅಲ್ಲಿಗೆ ಹೋಗುತ್ತಿತ್ತು. 2022ರಲ್ಲಿ ವಿಮಾನ ನಿಲ್ದಾಣದ ಕಡೆಯ ನೀಲಿ ಮಾರ್ಗವೂ ಬಂದರಿನವರೆಗೆ ವಿಸ್ತರಣೆಯಾಗಿದೆ. ಬಂದರು ವಿಶಾಲವಾದದ್ದು, ದ್ವಾರಗಳಿಗೆ ಸಂಖ್ಯೆಗಳಿವೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗುವುದು ಸಣ್ಣ ಮಾತಲ್ಲ. ನಮ್ಮ ಹಡಗು ನಿಂತಿದ್ದದ್ದು ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ಇ7 ದ್ವಾರದ ಬಳಿ. ಟಿಕೆಟ್ಟಿನಲ್ಲಿ ಬರೆದಿರುವ ದ್ವಾರದ ಸಂಖ್ಯೆಯನ್ನು ಹಿಂದಿನ ದಿನವೇ ನೋಡಿಟ್ಟುಕೊಂಡು, ಹೊರಡುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲು ಅಲ್ಲಿರುವುದು ಒಳ್ಳೆಯದು, ಏಕೆಂದರೆ ಬೆಳಗಿನ ಹಡಗುಗಳು ಹೇಳಿದ ನಿಮಿಷಕ್ಕೆ ಹೊರಡುತ್ತವೆ.

ಈ ದೊಡ್ಡ ಹಡಗುಗಳನ್ನು ಹತ್ತುವುದು ಹಿಂಬದಿಯಿಂದ. ಲಾರಿ, ಕಾರು, ಬೈಕುಗಳು ಏರುವ ಅದೇ ಕಬ್ಬಿಣದ ರ‍್ಯಾಂಪಿನ ಮೇಲೆ ನಡೆದು ಒಳಗೆ ಹೋದರೆ, ವಾಹನಗಳು ನಿಲ್ಲುವ ಕೆಳಮಾಳಿಗೆಯ ಗೋಡೆಯುದ್ದಕ್ಕೂ ಸಾಮಾನಿಡುವ ಅಡ್ಡಹಲಗೆಗಳಿರುತ್ತವೆ, ಒಂದೊಂದರ ಮೇಲೂ ಒಂದೊಂದು ದ್ವೀಪದ ಹೆಸರಿರುತ್ತದೆ. ಚೀಲವನ್ನು ನಮ್ಮ ದ್ವೀಪದ ಹೆಸರಿನಡಿ ಇಟ್ಟು, ಪಾಸ್‌ಪೋರ್ಟ್ ಮತ್ತು ಹಣವನ್ನು ಮಾತ್ರ ಕೈಯಲ್ಲಿ ಹಿಡಿದು ಮೇಲೆ ಹೋಗಬೇಕು. ಅತಿ ಅಗ್ಗದ ಟಿಕೆಟ್ಟಿಗೆ ನಿಗದಿತ ಆಸನ ಇರುವುದಿಲ್ಲ. ಒಳಗಿನ ಸೋಫಾಗಳಲ್ಲಿ ಜಾಗ ಸಿಕ್ಕರೆ ಕೂರಬಹುದು, ಇಲ್ಲದಿದ್ದರೆ ತೆರೆದ ಡೆಕ್ಕಿನ ಬೆಂಚು. ಬೆಂಚೇ ಉತ್ತಮ ಎಂದು ನಮಗೆ ಅರ್ಧ ಗಂಟೆಯಲ್ಲಿ ತಿಳಿಯಿತು. ಹಡಗು ಬಂದರನ್ನು ಬಿಟ್ಟು ತೆರೆದ ಏಜಿಯನ್ ಸಮುದ್ರಕ್ಕೆ ಬಂದ ಮೇಲೆ ಒಂದಾದ ಮೇಲೊಂದು ಬೋಳು ಗುಡ್ಡದ ದ್ವೀಪಗಳು ಎಡಬಲಗಳಲ್ಲಿ ಮೂಡಿ ಮರೆಯಾಗುತ್ತಿದ್ದವು. ಸುಮಾರು ನಾಲ್ಕು ಗಂಟೆಯ ಬಳಿಕ, ನಾವು ಇಳಿಯಬೇಕಿದ್ದ ನಾಕ್ಸೋಸ್‌ಗಿಂತ ಮೊದಲಿನ ನಿಲುಗಡೆಯಾದ ಪಾರೋಸ್ ದ್ವೀಪ ಬಂತು. ಹಡಗು ಹಿಮ್ಮುಖವಾಗಿ ಧಕ್ಕೆಗೆ ಸರಿಯುತ್ತಿರುವಾಗಲೇ ರ‍್ಯಾಂಪ್ ಕೆಳಗಿಳಿಯಲು ಶುರುವಾಗಿರುತ್ತದೆ. ಇಳಿಯುವ ನೂರಾರು ಜನರು ಇಳಿದು, ಹತ್ತುವವರು ಹತ್ತಿ, ಲಾರಿಗಳು ಹೊರಬಿದ್ದು, ಹಡಗು ಮತ್ತೆ ಹೊರಡುವುದಕ್ಕೆ ಕೆಲವೇ ನಿಮಿಷಗಳು ಸಾಕು. ಆದ್ದರಿಂದ ನಮ್ಮ ದ್ವೀಪದ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದೊಡನೆ ಕೆಳಗಿಳಿದು, ಚೀಲ ಹಿಡಿದು, ಬಾಗಿಲ ಬಳಿ ನಿಂತಿರಬೇಕು. ಆ ಕತ್ತಲ ಮಾಳಿಗೆಯಲ್ಲಿ ಎಂಜಿನ್ನಿನ ಸದ್ದಿನ ನಡುವೆ ನಿಂತಿರುವಾಗ ಬಾಗಿಲು ನಿಧಾನವಾಗಿ ತೆರೆದು ಬಿಸಿಲು ಒಳಗೆ ಬೀಳುವ ಕ್ಷಣವನ್ನು ನಾವು ಪ್ರತಿ ದ್ವೀಪದಲ್ಲೂ ಕಾಯುತ್ತಿದ್ದೆವು.

ಪಿರೇಯಸ್‌ನಿಂದ ನಾಕ್ಸೋಸ್‌ಗೆ ಐದೂವರೆ ಗಂಟೆಯ ಪ್ರಯಾಣಕ್ಕೆ ನಾವು ತಲಾ 45 ಯೂರೋ ಆಸುಪಾಸು ಕೊಟ್ಟೆವು. ವಿದ್ಯಾರ್ಥಿ ರಿಯಾಯಿತಿಯ ನಿಯಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಟಿಕೆಟ್ ಕೊಳ್ಳುವಾಗಲೇ ಕೇಳಬೇಕು, ಹತ್ತುವಾಗ ವಿದ್ಯಾರ್ಥಿ ಗುರುತಿನ ಚೀಟಿ ಕೈಯಲ್ಲಿರಬೇಕು. ಊಟವನ್ನು ಬಂದರಿನ ಬೇಕರಿಯಲ್ಲೇ ಕಟ್ಟಿಸಿಕೊಳ್ಳಿ. ಪಾಲಕ್ ತುಂಬಿದ ಸ್ಪನಕೋಪಿತ ಒಂದೆರಡು ಇದ್ದರೆ ಮಧ್ಯಾಹ್ನದವರೆಗೆ ಹಸಿವಿನ ಚಿಂತೆಯಿಲ್ಲ.

ನಾಕ್ಸೋಸ್‌ನ ಧಕ್ಕೆಗೆ ಬರುವ ಮೊದಲು ಹಡಗು ಒಂದು ಅಮೃತಶಿಲೆಯ ಬಾಗಿಲನ್ನು ಹಾದು ಬರುತ್ತದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಲಿಗ್ಡಮಿಸ್ ಎಂಬ ದೊರೆ ಕಟ್ಟಿಸಲು ಆರಂಭಿಸಿ, ಪೂರ್ತಿಯಾಗದೇ ಉಳಿದ ದೇವಾಲಯದ ದ್ವಾರ ಅದು. ಗೋಡೆಯಿಲ್ಲ, ಚಾವಣಿಯಿಲ್ಲ, ಬಾಗಿಲ ಚೌಕಟ್ಟು ಮಾತ್ರ ಸಮುದ್ರದ ಎದುರು ನಿಂತಿದೆ. ಸ್ಥಳೀಯರು ಅದನ್ನು ಪೋರ್ತಾರಾ ಎನ್ನುತ್ತಾರೆ. ನೋಡಲು ಟಿಕೆಟ್ ಇಲ್ಲ, ಊರಿನಿಂದ ಹತ್ತು ನಿಮಿಷದ ನಡಿಗೆ. ನಾಲ್ಕು ಸಂಜೆಗಳಲ್ಲಿ ಮೂರನ್ನು ನಾವು ಅಲ್ಲೇ ಕಳೆದೆವು.

ನಾಕ್ಸೋಸ್ ಅನ್ನು ನೆಲೆಯಾಗಿ ಆರಿಸಿದ್ದು ಈ ಪ್ರವಾಸದಲ್ಲಿ ನಾವು ಮಾಡಿದ ಅತ್ಯುತ್ತಮ ಕೆಲಸ. ಸಿಕ್ಲೇಡ್ಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪ ಇದು; ಪ್ರವಾಸಿಗರಿಲ್ಲದಿದ್ದರೂ ಬದುಕಬಲ್ಲ ಊರು. ಹೊಲಗಳಿವೆ, ದನಗಳಿವೆ, ಇಲ್ಲಿನ ಆಲೂಗಡ್ಡೆ ಮತ್ತು ಗ್ರಾವಿಯೇರಾ ಚೀಸು ಗ್ರೀಸ್‌ನಲ್ಲೆಲ್ಲ ಹೆಸರಾಗಿವೆ. ಬಸ್ ನಿಲ್ದಾಣ ಹಡಗು ಇಳಿಯುವ ಜಾಗದ ಎದುರಿಗೇ ಇದೆ. ಆಯಿಯೊಸ್ ಪ್ರೊಕೋಪಿಯೊಸ್, ಪ್ಲಾಕಾ ಮೊದಲಾದ ಕಡಲತೀರಗಳಿಗೆ ಬಸ್ಸುಗಳು ಮೇಲಿಂದ ಮೇಲೆ ಹೋಗುತ್ತವೆ, ಬೆಟ್ಟದ ಮೇಲಿನ ಊರುಗಳಿಗೆ ಮಾತ್ರ ದಿನಕ್ಕೆ ಕೆಲವೇ ಬಸ್ಸುಗಳು. ಟಿಕೆಟ್ಟನ್ನು ಹತ್ತುವ ಮೊದಲೇ ಕೊಳ್ಳಬೇಕು. ನಾಲ್ಕು ಚಕ್ರದ ಬೈಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಬೀದಿಬೀದಿಯಲ್ಲಿದ್ದವು. ನಾವು ವಿಚಾರಿಸಿದ ಒಂದು ಅಂಗಡಿಯಲ್ಲಿ ಲೈಸೆನ್ಸಿನ ಮಾತೇ ಬರಲಿಲ್ಲ, ಅಪಘಾತವಾದರೆ ವಿಮೆ ಏನನ್ನು ಭರಿಸುತ್ತದೆ ಎಂಬ ಪ್ರಶ್ನೆಗೂ ಸರಿಯಾದ ಉತ್ತರ ಸಿಗಲಿಲ್ಲ. ಕೇಳದೆ ಕೊಡುವವರಿಂದ ಕೊಳ್ಳಬಾರದೆಂದು ಅಲ್ಲಿಂದ ಹೊರಟುಬಂದೆವು. ಬಸ್ಸಿನಲ್ಲೇ ಫಿಲೋತಿಗೆ ಹೋಗಿ, ಅಲ್ಲಿಂದ ಸಾವಿರ ಮೀಟರಿಗಿಂತ ಸ್ವಲ್ಪವೇ ಎತ್ತರವಿರುವ ಝಾಸ್ ಬೆಟ್ಟವನ್ನು ಹತ್ತಿದೆವು. ಈ ದ್ವೀಪಸಮೂಹದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ತುದಿಯಲ್ಲಿ ನಿಂತರೆ ಮುಂದೆ ಹೋಗಲಿರುವ ಸಣ್ಣ ದ್ವೀಪಗಳೆಲ್ಲ ಕೆಳಗೆ ಕಾಣುತ್ತವೆ.

ಊಟದ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಗ್ರೀಸ್‌ನಲ್ಲಿ ಮೀನು ಮಾಂಸ ಬಿಟ್ಟರೆ ಏನೂ ಸಿಗದೆಂಬ ಭಯದಿಂದ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಅರ್ಧದಷ್ಟನ್ನು ಹಾಗೆಯೇ ಮರಳಿ ತಂದೆವು. ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ. ಆ ದಿನಗಳ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಅದಕ್ಕೆ ನಿಸ್ತೀಸಿಮೊ ಎನ್ನುತ್ತಾರೆ. ಈ ಒಂದು ಪದ ಗೊತ್ತಿದ್ದರೆ ಹೋಟೆಲಿನವರು ತಾವಾಗಿಯೇ ಬಟ್ಟಲುಗಳನ್ನು ತೋರಿಸುತ್ತಾರೆ. ಆದರೆ ಸಿಗಡಿ, ಆಕ್ಟೋಪಸ್‌ಗಳಿಗೆ ಆ ಉಪವಾಸದಲ್ಲಿ ನಿಷೇಧವಿಲ್ಲ. ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ಫಾವಾ ಎಂಬುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಗಟ್ಟಿ ತೊವ್ವೆಯ ಹದಕ್ಕೆ ತಂದು, ಮೇಲೆ ಆಲಿವ್ ಎಣ್ಣೆ ಮತ್ತು ಹಸಿ ಈರುಳ್ಳಿ ಹಾಕಿದ್ದು. ಧಾರವಾಡದ ಗೆಳತಿ ಅದನ್ನು ಮೊದಲ ದಿನ ತಿಂದವಳು ಹತ್ತನೆಯ ದಿನದವರೆಗೂ ಬಿಡಲಿಲ್ಲ. ದೊಡ್ಡ ಬಿಳಿ ಅವರೆಯಂಥ ಕಾಳನ್ನು ಟೊಮೆಟೊ ರಸದಲ್ಲಿ ಒಲೆಯೊಳಗಿಟ್ಟು ಬೇಯಿಸುವ ಗಿಗಾಂದೆಸ್, ಅನ್ನ ತುಂಬಿದ ಟೊಮೆಟೊ ಮತ್ತು ದೊಣ್ಣೆಮೆಣಸಿನಕಾಯಿ, ಸೋರೆಯ ಜಾತಿಯ ಎಳೆಗಾಯಿಯ ವಡೆಗಳು, ಇವನ್ನೆಲ್ಲ ಹಂಚಿಕೊಂಡು ತಿಂದರೆ ಐವರಿಗೆ ತಲಾ 12ರಿಂದ 15 ಯೂರೋದಲ್ಲಿ ತೃಪ್ತಿಯ ರಾತ್ರಿಯೂಟವಾಗುತ್ತಿತ್ತು. ಕೇಳದಿದ್ದರೂ ತಂದಿಡುವ ಬ್ರೆಡ್ಡಿಗೆ ಬಿಲ್ಲಿನಲ್ಲಿ ಹಣ ಸೇರಿರುತ್ತದೆ, ಬೇಡದಿದ್ದರೆ ಮೊದಲೇ ಹೇಳಬೇಕು.

ನಾಕ್ಸೋಸ್‌ನಿಂದ ಕೂಫೊನಿಸಿಗೆ ನಾವು ಹೋದದ್ದು ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಎಂಬ ಪುಟ್ಟ ಹಡಗಿನಲ್ಲಿ. ಈ ಬರಹ ಓದಿ ಯಾರಾದರೂ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಲಿ. ನಾಕ್ಸೋಸ್ ಮತ್ತು ಅಮೋರ್ಗೋಸ್ ನಡುವೆ ಇರಾಕ್ಲಿಯಾ, ಸ್ಖಿನೂಸಾ, ಕೂಫೊನಿಸಿ, ದೊನೂಸಾ ಎಂಬ ಸಣ್ಣ ದ್ವೀಪಗಳಿವೆ. ಚಳಿಗಾಲದಲ್ಲಿ ಪ್ರವಾಸಿಗರಿರುವುದಿಲ್ಲ, ಲಾಭವನ್ನಷ್ಟೇ ನೋಡುವ ಯಾವ ಕಂಪನಿಯೂ ಅಲ್ಲಿಗೆ ವರ್ಷವಿಡೀ ಹಡಗು ಬಿಡಲಾರದು. ಅಂಥ ಮಾರ್ಗಗಳನ್ನು ಗ್ರೀಕರು ಬರಡು ಮಾರ್ಗಗಳೆಂದು ಕರೆಯುತ್ತಾರೆ, ಅವುಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಸ್ಕೊಪೆಲಿಟಿಸ್ ಓಡುವುದು ಅಂಥ ಮಾರ್ಗದಲ್ಲಿ, ಚಳಿಗಾಲದಲ್ಲಿಯೂ. ನಮ್ಮೊಡನೆ ಆ ಮಧ್ಯಾಹ್ನ ಪ್ರಯಾಣ ಮಾಡಿದ್ದು ಪ್ರವಾಸಿಗರು ಮಾತ್ರವಲ್ಲ: ತರಕಾರಿ ಪೆಟ್ಟಿಗೆಗಳು, ಒಂದು ಬಟ್ಟೆ ಒಗೆಯುವ ಯಂತ್ರ, ಆಸ್ಪತ್ರೆಗೆ ಹೋಗಿ ಮರಳುತ್ತಿದ್ದ ವೃದ್ಧ ದಂಪತಿ. ಪ್ರತಿ ದ್ವೀಪದ ಧಕ್ಕೆಯಲ್ಲೂ ಯಾರೋ ಯಾರನ್ನೋ ಕರೆದೊಯ್ಯಲು ಬಂದು ನಿಂತಿದ್ದರು. ಟಿಕೆಟ್ಟಿಗೆ ತಲಾ 10 ಯೂರೋ ಆಸುಪಾಸು, ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಹಡಗು ಚಿಕ್ಕದಾದ್ದರಿಂದ ಅಲೆಗಳ ಹೊಯ್ದಾಟ ಚೆನ್ನಾಗಿಯೇ ತಿಳಿಯುತ್ತದೆ. ಕಡಲು ಆಗದವರು ಮಾತ್ರೆ ತೆಗೆದುಕೊಂಡು, ಹೊರಗೆ ಹಿಂಬದಿಯ ಬೆಂಚಿನಲ್ಲಿ ಕೂತು, ದೂರದ ದಿಗಂತವನ್ನು ನೋಡುತ್ತಿದ್ದರೆ ಸಹಿಸಿಕೊಳ್ಳಬಹುದು.

ಕೂಫೊನಿಸಿಯಲ್ಲಿ ವಾಹನದ ಅಗತ್ಯವೇ ಇಲ್ಲ. ಊರಿನಿಂದ ಕಡಲಂಚಿನ ಕಾಲುದಾರಿ ಹಿಡಿದು ನಡೆದರೆ ಮುಕ್ಕಾಲು ಗಂಟೆಯೊಳಗೆ ಪೋರಿ ಎಂಬ ಕೊನೆಯ ತೀರ ಸಿಗುತ್ತದೆ. ದಾರಿಯುದ್ದಕ್ಕೂ ಬಂಡೆಗಳ ನಡುವೆ ಈಜಬಹುದಾದ ನೀರಿನ ಕೊಳಗಳು. ಎರಡು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರಿನಲ್ಲೇ ಇದ್ದೆವು.

ಮೂರನೆಯ ದಿನ ಅದೇ ಹಡಗಿನಲ್ಲಿ ನಾಕ್ಸೋಸ್‌ಗೆ ಮರಳಿ, ಅಲ್ಲಿಂದ ಸ್ಯಾಂಟೊರಿನಿಗೆ ಹೋಗಲು ಮಾತ್ರ ವೇಗದ ದೋಣಿಯೊಂದನ್ನು ಕಾದಿರಿಸಿದ್ದೆವು. ಸಮಯ ಉಳಿಯುತ್ತದೆಂಬ ಲೆಕ್ಕ ನಮ್ಮದು. ಏಜಿಯನ್ ಸಮುದ್ರದ ಮೇಲೆ ಬೇಸಿಗೆಯಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಬಾಲ್ಕನ್ ಕಡೆ ಅಧಿಕ ಒತ್ತಡ, ಟರ್ಕಿಯ ಕಡೆ ಕಡಿಮೆ ಒತ್ತಡ ಇರುವಾಗ ಹುಟ್ಟುವ ಗಾಳಿ ಇದು. ಮೋಡವಿಲ್ಲ, ಮಳೆಯಿಲ್ಲ, ಆಕಾಶ ನೀಲಿಯಾಗಿಯೇ ಇರುತ್ತದೆ, ಆದ್ದರಿಂದ ಹೊಸಬರಿಗೆ ಅಪಾಯದ ಸುಳಿವೇ ಸಿಗುವುದಿಲ್ಲ. ಗಾಳಿಯ ಬಲವನ್ನು 0ರಿಂದ 12ರವರೆಗೆ ಅಳೆಯುವ ಬೋಫೋರ್ಟ್ ಮಾಪನದಲ್ಲಿ ಅದು 8ಕ್ಕೆ ಮುಟ್ಟುವಂತಿದ್ದರೆ ಬಂದರು ಅಧಿಕಾರಿಗಳು ಸಾಮಾನ್ಯವಾಗಿ ಹಡಗುಗಳನ್ನು ತಡೆಯುತ್ತಾರೆ, ವೇಗದ ದೋಣಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಆ ದಿನ ಆದದ್ದು ಅದೇ. ನಮ್ಮ ದೋಣಿ ರದ್ದಾಯಿತು. ದೊಡ್ಡ ಹಡಗು ನಮ್ಮ ಕಣ್ಣೆದುರೇ ಬಂದು, ಜನರನ್ನು ಹತ್ತಿಸಿಕೊಂಡು, ಸ್ಯಾಂಟೊರಿನಿಗೆ ಹೋಯಿತು.

ರದ್ದು ಮಾಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. 2000ನೇ ಇಸವಿಯ ಸೆಪ್ಟೆಂಬರ್ 26ರ ರಾತ್ರಿ, ಬಿರುಗಾಳಿಯಲ್ಲಿ ಪಾರೋಸ್ ಸಮೀಪದ ಬಂಡೆಗೆ ಬಡಿದು ಎಕ್ಸ್‌ಪ್ರೆಸ್ ಸಮೀನಾ ಹಡಗು ಮುಳುಗಿ 80ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದನ್ನು ತಿಳಿದವರು ಧಕ್ಕೆಯಲ್ಲಿ ಕಾಯಬೇಕಾದಾಗ ಅಧಿಕಾರಿಗಳ ಮೇಲೆ ಕೂಗಾಡಬಾರದು. ನನ್ನ ಆಕ್ಷೇಪವಿರುವುದು ಟಿಕೆಟ್ ಮಾರಿದ ಸಂಸ್ಥೆಯ ನಡವಳಿಕೆಯ ಮೇಲೆ. ರದ್ದಾದ ಸುದ್ದಿ ನಮಗೆ ತಿಳಿದದ್ದು ಧಕ್ಕೆಯ ಮೇಲೆ, ಬೇರೆ ಪ್ರಯಾಣಿಕರಿಂದ. ಸಂದೇಶ ಬಂದದ್ದು ಎರಡು ಗಂಟೆಯ ನಂತರ. ಅಷ್ಟರಲ್ಲಿ ದೊಡ್ಡ ಹಡಗು ಹೊರಟುಹೋಗಿತ್ತು. ಯುರೋಪಿನ ನಿಯಮದ ಪ್ರಕಾರ ಹಡಗು ರದ್ದಾದರೆ ಪ್ರಯಾಣಿಕನಿಗೆ ಹಣ ವಾಪಸು ಪಡೆಯುವ ಅಥವಾ ಬೇರೆ ಹಡಗಿನಲ್ಲಿ ಹೋಗುವ ಹಕ್ಕಿದೆ; ಆದರೆ ಹವಾಮಾನದ ಕಾರಣಕ್ಕೆ ರದ್ದಾದಾಗ ತಂಗುವ ಖರ್ಚನ್ನು ಕಂಪನಿ ಕೊಡಬೇಕಿಲ್ಲ. ಸ್ಯಾಂಟೊರಿನಿಯಲ್ಲಿ ಮುಂಗಡ ಕೊಟ್ಟಿದ್ದ ಒಂದು ರಾತ್ರಿಯ ಬಾಡಿಗೆ ಹೋಯಿತು, ನಾಕ್ಸೋಸ್‌ನಲ್ಲಿ ಇನ್ನೊಂದು ರಾತ್ರಿಯ ಬಾಡಿಗೆ ಸೇರಿತು.

ಮರುದಿನ ಹೋದ ವೇಗದ ದೋಣಿಯಲ್ಲಿ ನಿಗದಿತ ಆಸನದಲ್ಲೇ ಕೂರಬೇಕಿತ್ತು, ಹೊರಗೆ ನಿಲ್ಲಲು ಜಾಗವಿರಲಿಲ್ಲ, ಕಿಟಕಿಗಳ ಮೇಲೆ ಉಪ್ಪು ಕಟ್ಟಿ ಹೊರಗಿನದೇನೂ ಕಾಣುತ್ತಿರಲಿಲ್ಲ. ದೊಡ್ಡ ಹಡಗಿಗೆ ಎರಡು ಗಂಟೆ, ಇದಕ್ಕೆ ಸುಮಾರು ಒಂದೂವರೆ ಗಂಟೆ. ಉಳಿಯುವ ಅರ್ಧ ಗಂಟೆಗಾಗಿ ಹೆಚ್ಚುಕಡಿಮೆ ಎರಡರಷ್ಟು ಹಣ ಕೊಟ್ಟಿದ್ದೆವು.

ಸ್ಯಾಂಟೊರಿನಿಗೆ ಸಿಕ್ಕಿದ್ದು ಒಂದೂವರೆ ದಿನ. ರೂಮಿನ ಬಾಡಿಗೆ ನಾಕ್ಸೋಸ್‌ನ ಎರಡರಷ್ಟು, ಈಯಾ ಎಂಬ ಊರಿನ ಓಣಿಗಳಲ್ಲಿ ಸಂಜೆ ಕಾಲಿಡಲು ಜಾಗವಿಲ್ಲ. ಆದರೂ ಎರಡು ಕಾರಣಕ್ಕೆ ಹೋಗಬೇಕು. ದ್ವೀಪದ ಮುಖ್ಯ ಊರಾದ ಫಿರಾದಿಂದ ಈಯಾಗೆ, ಜ್ವಾಲಾಮುಖಿ ಕುಸಿದು ಉಂಟಾದ, ಈಗ ಸಮುದ್ರ ತುಂಬಿರುವ ಕ್ಯಾಲ್ಡೆರಾ ಎಂಬ ಬೃಹತ್ ಕುಳಿಯ ಅಂಚಿನ ಮೇಲೆ ಸುಮಾರು ಹತ್ತು ಕಿಲೋಮೀಟರ್ ಕಾಲುದಾರಿಯಿದೆ. ಸೂರ್ಯ ಏರುವ ಮೊದಲು ಹೊರಟರೆ ಮೂರು ಗಂಟೆಯ ನಡಿಗೆ, ಜನರೂ ವಿರಳ. ಇನ್ನೊಂದು, ಫಿರಾದ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯ. ಕ್ರಿ.ಪೂ. 1600ರ ಸುಮಾರಿನ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಅಕ್ರೊತೀರಿ ಪಟ್ಟಣದ ಗೋಡೆಚಿತ್ರಗಳು ಅಲ್ಲಿವೆ. ಅವುಗಳಲ್ಲಿ ಬಂಡೆಯೇರುತ್ತಿರುವ ನೀಲಿ ಮಂಗಗಳ ಚಿತ್ರವೊಂದಿದೆ. ಬಾಲವನ್ನು ಮೇಲೆತ್ತಿ ಬಳುಕಿಸುವ ರೀತಿಯನ್ನು ನೋಡಿ, ಅವು ಭಾರತದ ಮುಸುವಗಳೇ ಇರಬೇಕೆಂದು ಕೆಲವು ತಜ್ಞರು ಇತ್ತೀಚಿನ ವರ್ಷಗಳಲ್ಲಿ ವಾದಿಸಿದ್ದಾರೆ. ಎಷ್ಟೋ ಕೈ ದಾಟಿ ಬಂದ ವ್ಯಾಪಾರದ ದಾರಿಯಲ್ಲಿ ನಮ್ಮ ಕಡೆಯ ಮಂಗಗಳ ರೂಪ ಇಷ್ಟು ದೂರದ ಗೋಡೆಯನ್ನು ತಲುಪಿರಬಹುದೆಂದು ಯೋಚಿಸುತ್ತ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತೆವು.

ಮರಳಿ ಪಿರೇಯಸ್‌ಗೆ ದೊಡ್ಡ ಹಡಗನ್ನೇ ಹಿಡಿದೆವು. ಫಿರಾದಿಂದ ಬಸ್ಸು ಕಡಿದಾದ ತಿರುವುಗಳನ್ನು ಇಳಿದು ಅಥೀನಿಯೋಸ್ ಬಂದರಿಗೆ ತಲುಪಿಸುತ್ತದೆ. ಹೊರಡುವ ಹೊತ್ತಿನಲ್ಲಿ ಆ ರಸ್ತೆ ವಾಹನಗಳಿಂದ ತುಂಬುವುದರಿಂದ ಎರಡು ಗಂಟೆ ಮೊದಲೇ ಇಳಿದುಬಿಡಬೇಕು. ಮಧ್ಯಾಹ್ನ ಮೂರೂವರೆಗೆ ಹಡಗು ಕ್ಯಾಲ್ಡೆರಾದೊಳಗಿನಿಂದ ಉತ್ತರಕ್ಕೆ ಸಾಗಿ, ಈಯಾದ ಬಂಡೆಗೂ ಥಿರಾಸಿಯಾ ದ್ವೀಪಕ್ಕೂ ನಡುವೆ ಹೊರಬೀಳುತ್ತದೆ. ಮುನ್ನೂರು ಮೀಟರ್ ಎತ್ತರದ ಕಪ್ಪು ಕೆಂಪು ಬೂದುಬಣ್ಣದ ಪದರಗಳು, ಅವುಗಳ ನೆತ್ತಿಯ ಮೇಲೆ ಸುಣ್ಣದ ಗೆರೆಯಂತೆ ಊರುಗಳು. ಹಿಂದಿನ ಸಂಜೆ ಜನರ ಭುಜಗಳ ಸಂದಿಯಿಂದ ನೋಡಿದ್ದ ಈಯಾವನ್ನು ಡೆಕ್ಕಿನ ಕಂಬಿ ಹಿಡಿದು ನಿಂತು ಪೂರ್ತಿಯಾಗಿ ನೋಡಿದೆವು. ಕತ್ತಲಾದ ಮೇಲೆ ಉಳಿದ ಅವಲಕ್ಕಿಯನ್ನು ಮೊಸರಿನಲ್ಲಿ ಕಲಸಿ ಐವರೂ ತಿಂದೆವು. ಪಿರೇಯಸ್ ತಲುಪಿದಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಬೆಳಗಿನ ವಿಮಾನವಿರುವವರು ಮೆಟ್ರೊಗಾಗಿ ಓಡಬೇಕಿಲ್ಲ; ಎಕ್ಸ್96 ಬಸ್ಸು ಬಂದರಿನಿಂದ ವಿಮಾನ ನಿಲ್ದಾಣಕ್ಕೆ ರಾತ್ರಿಯಿಡೀ ಓಡುತ್ತದೆ. ನಾವೂ ಅದನ್ನೇ ಹತ್ತಿ, ಮೈಮೇಲಿನ ಉಪ್ಪು ಆರಿರುವಂತೆಯೇ, ನಿಲ್ದಾಣದ ಬೆಂಚುಗಳ ಮೇಲೆ ಬೆಳಗಿನವರೆಗೆ ಮಲಗಿದೆವು.