ರಾತ್ರಿ ಎಬ್ಬಿಸುವುದೋ, ಡೈಪರ್ ತೊಡಿಸುವುದೋ?

ಡೊಂಬಿವಲಿಯ ನಮ್ಮ ಮನೆಯಲ್ಲಿ 3 ವರ್ಷದ ಮಗಳು ಹಗಲಲ್ಲಿ ತಾನಾಗಿಯೇ ಉಚ್ಚೆಗೆ ಹೋಗುತ್ತಾಳೆ. ರಾತ್ರಿ ಹಾಸಿಗೆ ಒದ್ದೆ. 11 ಗಂಟೆಗೆ ಎತ್ತಿಕೊಂಡು ಹೋಗಿ ಕೂರಿಸಿದರೆ ಆ ರಾತ್ರಿ ಪಾರು. ಆದರೆ ಅರೆನಿದ್ದೆಯಲ್ಲಿ ಮುಗಿಸುವ ಮಗು ಅದರಿಂದ ಏನೂ ಕಲಿಯುವುದಿಲ್ಲ. ಡೈಪರ್ ಹಾಕಿದರೆ ಎಲ್ಲರಿಗೂ ನಿದ್ದೆ. ಖರ್ಚು ಹೆಚ್ಚು, ಸೆಕೆಗೆ ತೊಡೆಸಂದು ಕೆಂಪಾಗುತ್ತದೆ.

ನನ್ನ ಒಲವು ರಬ್ಬರ್ ಶೀಟಿಗೆ. ಅದರ ಮೇಲೆ ಅಜ್ಜಿಯ ಹಳೆಯ ಹತ್ತಿ ಸೀರೆಯ ಮಡಿಕೆ, ಮತ್ತೊಂದು ಶೀಟು, ಮತ್ತೊಂದು ಮಡಿಕೆ. ನಡುರಾತ್ರಿ ಮೇಲಿನ ಜೋಡಿಯನ್ನು ಎಳೆದು ತೆಗೆದರೆ ಸಾಕು. ಜುಲೈ ಮಳೆಯಲ್ಲಿ ಗಾದಿ ಒಣಗದು, ಸೀರೆ ಫ್ಯಾನಿನಡಿ ಒಣಗುತ್ತದೆ. 5 ವರ್ಷದವರೆಗೆ ಇದು ಕಾಯಿಲೆಯಲ್ಲ, ದಯವಿಟ್ಟು ಬೈಯಬೇಡಿ. ಉಚ್ಚೆ ಉರಿಯುತ್ತದೆ ಎಂದರೆ ವೈದ್ಯರಿಗೆ ತೋರಿಸಿ.

ಊರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ನಾನೂ ಡೈಪರ್ ಹಾಕುತ್ತೇನೆ.