ಜಾಮ್ ಆದ ಪವರ್ ವಾಲ್ವ್: ಸ್ಪ್ರೇ, ಡೀಸೆಲ್, ಓವನ್ ಕ್ಲೀನರ್, ಅಲ್ಟ್ರಾಸೋನಿಕ್ ಹೋಲಿಕೆ

ಹುಬ್ಬಳ್ಳಿ-ಧಾರವಾಡದ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಆರ್‌ಎಕ್ಸ್ 100 ಮೇಲೆ. ಅದಕ್ಕೆ ಪವರ್ ವಾಲ್ವ್ ಇಲ್ಲ, ರಾಜದೂತ್ 350ಕ್ಕೂ ಇರಲಿಲ್ಲ. ಹಾಗಾಗಿ ಕೆಟಿಎಂ, ಯಮಾಹಾ ವೈಝಡ್, ಕವಾಸಾಕಿ ಕೆಎಕ್ಸ್ ಥರದ ಟು-ಸ್ಟ್ರೋಕ್ ಡರ್ಟ್ ಬೈಕ್ ಎಳೆಯುತ್ತಿಲ್ಲ ಅಂದರೆ ಬರುವ ಮೊದಲ ಮಾತು, "ಬೋರು-ಪಿಸ್ಟನ್ ಹೋಗೇತ್ರಿ." ಬ್ಲಾಕ್ ಬಿಚ್ಚಿಸುವ ಮೊದಲು ವಾಲ್ವ್ ನೋಡಿ.

ಕಡಿಮೆ ಆರ್‌ಪಿಎಂನಲ್ಲಿ ಈ ವಾಲ್ವ್ ಎಕ್ಸಾಸ್ಟ್ ಪೋರ್ಟಿನ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯ) ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ, ಎಂಜಿನ್ ಏರಿದಾಗ ಅದರ ವೇಗಕ್ಕೆ ತಕ್ಕಂತೆ ಆಡುವ ಗವರ್ನರ್ ಅದನ್ನು ಎತ್ತುತ್ತದೆ. ಮುಚ್ಚಿದಲ್ಲೇ ಹಿಡಿದುಕೊಂಡರೆ ಕೆಳಗೆ ಚೆನ್ನಾಗಿ ಎಳೆದು ಮೇಲೆ ಗಾಡಿ ಸತ್ತಂತಾಗುತ್ತದೆ. ತೆರೆದಲ್ಲೇ ಹಿಡಿದುಕೊಂಡರೆ ಕ್ಲಚ್ ಎಳೆದೆಳೆದು ಓಡಿಸಬೇಕು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ತೂತು) ದೊಡ್ಡದಾಗಿದ್ದರೂ, ಸೈಲೆನ್ಸರ್ ಒಳಗಿನ ಉಣ್ಣೆ ಎಣ್ಣೆ ಕುಡಿದಿದ್ದರೂ ಮೊದಲನೆಯ ಲಕ್ಷಣವೇ ಕಾಣುತ್ತದೆ. ಆದ್ದರಿಂದ ಸಿಲಿಂಡರ್ ಪಕ್ಕದ ಸಣ್ಣ ಕವರ್ ತೆಗೆದು, ಗಾಡಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ರೇಸ್ ಕೊಟ್ಟು ವಾಲ್ವಿನ ಲಿವರ್ ತಿರುಗುತ್ತದೆಯೇ ನೋಡಬೇಕು. ತಿರುಗದಿದ್ದರೆ ಎಂಜಿನ್ ಆರಿಸಿ ಗವರ್ನರ್‌ಗೆ ಜೋಡಿಸಿದ ಲಿಂಕ್ ಬಿಡಿಸಿ, ವಾಲ್ವನ್ನೊಂದೇ ಕೈಯಿಂದ ಆಡಿಸಿ. ಅದು ಸಲೀಸಾಗಿ ಆಡಿದರೆ ದೋಷ ಗವರ್ನರ್ ಕಡೆ ಇದೆ, ಯಾವ ಕ್ಲೀನರ್ ಹಾಕಿದರೂ ದಂಡ. ಬಿಗಿಯಿದ್ದರೆ, ಅಂದರೆ ಅರೆಸುಟ್ಟ ಎಣ್ಣೆಯ ಜಿಡ್ಡು ಮತ್ತು ಕಾರ್ಬನ್ ಕಟ್ಟಿದ್ದರೆ ಮಾತ್ರ ಮುಂದೆ ಓದಿ.

ನಾವು ಹಚ್ಚಿ ನೋಡಿದ್ದರಲ್ಲಿ ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಮೋಸದ್ದೂ ಕಾರ್ಬ್ ಕ್ಲೀನರ್ ಸ್ಪ್ರೇ. ವಾಲ್ವ್ ಬಿಚ್ಚದೆ ನಳಿಕೆ ತೂರಿಸಿ ಹೊಡೆದರೆ ಹಸಿ ಜಿಡ್ಡು ಕರಗಿ ಲಿವರ್ ಆಡತೊಡಗುತ್ತದೆ. ಆದರೆ ಗಟ್ಟಿ ಕಾರ್ಬನ್ ಅಲ್ಲೇ ಇರುತ್ತದೆ, ಇದ್ದಬದ್ದ ಎಣ್ಣೆಯ ಪದರವೂ ತೊಳೆದುಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಗೋಳು. ಓ-ರಿಂಗ್ ಮತ್ತು ಶಾಫ್ಟ್ ಸೀಲ್ ಉಬ್ಬುವುದು ಬೇರೆ. ಸ್ಪ್ರೇ ಹೊಡೆಯಲೇಬೇಕೆಂದರೆ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತನ್ನಿ. ಆಗ ಅದರ ಕೆಳಭಾಗ ಪೋರ್ಟನ್ನು ಮುಚ್ಚುತ್ತದೆ, ಕರಗಿದ ಕಸ ಸಿಲಿಂಡರಿಗೆ ಇಳಿಯುವುದಿಲ್ಲ. ತೊಂದರೆ ವಾಲ್ವಿನದೇ ಹೌದೋ ಅಲ್ಲವೋ ಎಂದು ತಿಳಿಯಲಷ್ಟೇ ಇದು ಸಾಕು.

ಡೀಸೆಲ್ಲಿಗೆ ಹೊತ್ತು ಬೇಕು, ದುಡ್ಡು ಬೇಡ. ವಾಲ್ವ್ ಬಿಚ್ಚಿ, ರಬ್ಬರ್ ತುಂಡುಗಳನ್ನು ತೆಗೆದಿಟ್ಟು, ಅರ್ಧ ಲೀಟರ್ ಡೀಸೆಲ್ಲಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಡಾಂಬರಿನಂಥ ಪದರ ಹಿತ್ತಾಳೆ ಬ್ರಷ್ಷಿಗೆ ಎದ್ದುಬರುತ್ತದೆ. ಉಳಿದ ಗಟ್ಟಿ ಹೊಪ್ಪಳೆಗೆ ಚೂಪು ಮಾಡಿದ ಬಿದಿರು ಕಡ್ಡಿ. ಸ್ಕ್ರೂಡ್ರೈವರ್ ಮುಟ್ಟಬೇಡಿ. ವಾಲ್ವಿನ ಮೇಲೆ ಬಿದ್ದ ಗೀರಿನಲ್ಲೇ ಮುಂದಿನ ಕಾರ್ಬನ್ ಬೇರು ಬಿಡುತ್ತದೆ. ಪೋರ್ಟಿನ ಅಂಚಿನ ಲೇಪ ಚಕ್ಕೆಯೆದ್ದರೆ ರಿಂಗ್ ಸಿಕ್ಕಿಕೊಂಡು ನಿಜವಾಗಿಯೂ ಬೋರು ಹೋಗುತ್ತದೆ.

ಓವನ್ ಕ್ಲೀನರ್ ಮುಖ ನೋಡಿ ಮರುಳಾಗಬೇಡಿ. ಗಟ್ಟಿ ಕಾರ್ಬನ್ನನ್ನು ಇದು ಎಲ್ಲಕ್ಕಿಂತ ಬೇಗ ತೆಗೆಯುತ್ತದೆ, ನಿಜ. ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ನೊರೆ ಏಳುತ್ತಿದ್ದರೆ ಹೋಗುತ್ತಿರುವುದು ಕಾರ್ಬನ್ ಮಾತ್ರವಲ್ಲ, ವಾಲ್ವ್ ಕೂಡ. ಅಯಸ್ಕಾಂತ ಹಿಡಿದು ನೋಡಿ, ಅಂಟದ ತುಂಡಿಗೆ ಹಾಕಲೇಬೇಡಿ. ಅಂಟುವ ತುಂಡಿಗೂ ಗ್ಲೌಸ್, ಕನ್ನಡಕ ಬೇಕು. ಡೀಸೆಲ್ ಇರುವಾಗ ಈ ಉಸಾಬರಿ ಯಾಕೆ?

ವಾಲ್ವಿನಲ್ಲಿ ತಿರುಗುವ ಡ್ರಮ್ ಮತ್ತು ಅದನ್ನು ತಿರುಗಿಸುವ ಹಲ್ಲುಪಟ್ಟಿ ಇರುವ ಕೆಎಕ್ಸ್‌ನಂಥ ಗಾಡಿಗಳಲ್ಲಿ ಮಾತ್ರ ಡೀಸೆಲ್ ಸೋಲುತ್ತದೆ. ಹಲ್ಲಿನ ಸಂದಿಗೆ ಬ್ರಷ್ ಹೋಗದು. ಅಲ್ಲಿ ಅಲ್ಟ್ರಾಸೋನಿಕ್ ಗೆದ್ದಿತು. ಇಂಜೆಕ್ಟರ್ ತೊಳೆಯುವ ವರ್ಕ್‌ಶಾಪಿನಲ್ಲಿ ಕೇಳಿ ನೋಡಿ. ನೀರು ಸುಮಾರು 60 ಡಿಗ್ರಿ ಬಿಸಿ, ಸೋಪು ಅಲ್ಯೂಮಿನಿಯಂಗೆ ಒಗ್ಗುವಂಥದ್ದು ಎಂದು ಮೊದಲೇ ಹೇಳಿ, ಕ್ಷಾರದ ಸೋಪು ಹಾಕಿದರೆ ತುಂಡು ಕಪ್ಪಾಗಿ ಬರುತ್ತದೆ. ಡೀಸೆಲ್ಲಿನಲ್ಲಿ ನೆನೆಸಿ, ಜಿಡ್ಡು ಒರೆಸಿ ಕೊಟ್ಟರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಒಂದೇ ಫ್ಲ್ಯಾಪ್ ಇರುವ ವಾಲ್ವಿಗೆ ಇಷ್ಟು ಖರ್ಚು ಬೇಡ.

ಜೋಡಿಸುವಾಗ ಶಾಫ್ಟಿಗೆ ಒಂದು ಹನಿ ಟು-ಟಿ ಆಯಿಲ್, ಹೊಸ ಓ-ರಿಂಗ್. ಎಂ6 ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. ವಾಲ್ವಿನ ಪಿನ್ ಸಡಿಲ ಇದ್ದರೆ ಅದನ್ನು ಮತ್ತೆ ಹಾಕಬೇಡಿ, ಕಳಚಿದರೆ ಅದು ಬೀಳುವುದು ಸಿಲಿಂಡರ್ ಒಳಗೇ. ಡ್ರಮ್ಮಿನ ಗುರುತು ಒಂದು ಹಲ್ಲು ತಪ್ಪಿದರೂ ಒಂದು ಕಡೆ ಪೂರ್ತಿ ತೆರೆಯುವುದಿಲ್ಲ. ಪ್ಲಗ್ ತೆಗೆದು ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ, ವಾಲ್ವನ್ನು ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಎಲ್ಲಾದರೂ ಲೋಹ ತಾಗಿದಂತೆನಿಸಿದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಇಷ್ಟಾದರೂ ಕಾರ್ಬನ್ ಕಟ್ಟುವ ಕಾರಣ ಹಾಗೇ ಉಳಿದಿರುತ್ತದೆ. ನವಲಗುಂದ ಕಡೆಯ ಎರೆಮಣ್ಣು ಮಳೆಯಲ್ಲಿ ಚಕ್ರ ಹಿಡಿದರೆ ಅರ್ಧ ಹೊತ್ತು ಒಂದನೇ ಗೇರ್, ಕಾಲು ಥ್ರಾಟಲ್. ಆ ಸ್ಥಿತಿಯಲ್ಲಿ ಪೂರ್ತಿ ಸುಡದ ಎಣ್ಣೆ ವಾಲ್ವಿನ ಮೇಲೇ ಕೂರುತ್ತದೆ. ಅದಕ್ಕೆ ಪೆಟ್ರೋಲಿಗೆ ಬೆರೆಸುವ ಎಣ್ಣೆ ಕಡಿಮೆ ಮಾಡುವುದು ಎಲ್ಲರೂ ಹೇಳುವ ಉಪಾಯ. ಅದು ಉಲ್ಟಾ ಹೊಡೆಯಬಹುದು: ಎಣ್ಣೆ ಕಡಿಮೆಯಾದರೆ ಅದೇ ಜೆಟ್ಟಿನಿಂದ ಹೋಗುವ ಪೆಟ್ರೋಲ್ ಹೆಚ್ಚುತ್ತದೆ, ಮಿಶ್ರಣ ಇನ್ನಷ್ಟು ದಪ್ಪವಾಗುತ್ತದೆ (ಗಾಳಿಯ ಪಾಲಿಗಿಂತ ಪೆಟ್ರೋಲ್ ಹೆಚ್ಚಾಗುತ್ತದೆ). ಕಂಪನಿ ಹೇಳಿದ ಅಳತೆ ಬಿಡಬೇಡಿ (1:40 ಅಂದರೆ ಲೀಟರಿಗೆ 25 ಮಿ.ಲೀ., 1:60 ಅಂದರೆ ಸುಮಾರು 17). ಜಾಸೊ (ಜಪಾನಿನ ಎಣ್ಣೆ ಗುಣಮಟ್ಟ) ಎಫ್‌ಡಿ ದರ್ಜೆಯ ಎಣ್ಣೆ ಹಾಕಿ, ಎಫ್‌ಸಿಗಿಂತ ಕೊಳೆ ಕಟ್ಟುವುದು ಕಡಿಮೆ. ಆಮೇಲೆ ಕಾರ್ಬುರೇಟರಿನ ಪೈಲಟ್ ಜೆಟ್ (ಕಡಿಮೆ ಥ್ರಾಟಲ್‌ನ ತೂತು) ಮತ್ತು ಸೂಜಿಯನ್ನು ಒಂದೊಂದು ಮೆಟ್ಟಿಲು ಇಳಿಸಿ ನೋಡಿ. ಕೆಟಿಎಂ ಗಾಡಿಯವರು ವಾಲ್ವಿನ ಹಸಿರು, ಹಳದಿ, ಕೆಂಪು ಸ್ಪ್ರಿಂಗ್ ಬದಲಿಸಿ ಎಳೆತ ತಿದ್ದುವುದು ಇದೆಲ್ಲ ಮುಗಿದ ಮೇಲಿನ ಕೆಲಸ. ವಾಲ್ವ್ ಬಿಗಿಯಿದ್ದಾಗ ಯಾವ ಬಣ್ಣ ಹಾಕಿದರೂ ಒಂದೇ.