ಸಿಂಹರಾಜ ಮಳೆಕಾಡಿನಲ್ಲಿ ಮಾರ್ಗದರ್ಶಕರೊಂದಿಗೆ ಅರ್ಧ ದಿನ

ಶ್ರೀಲಂಕೆಯ ಸಿಂಹರಾಜ ಕಾಡು 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋಗುವವರಲ್ಲಿ ಅನೇಕರು ಹಕ್ಕಿಗಳಿಗಾಗಿ ಹೋಗುತ್ತಾರೆ. ನಾನು ಹೋದದ್ದು ಓತಿಕ್ಯಾತಗಳಿಗಾಗಿ. ಕುಡವ ಪ್ರವೇಶದ್ವಾರದಲ್ಲಿ ಟಿಕೆಟ್ ಪಡೆದ ಮೇಲೆ ಮಾರ್ಗದರ್ಶಕರೊಬ್ಬರನ್ನು ಕರೆದುಕೊಂಡೇ ಒಳಗೆ ಹೋಗಬೇಕು. ಈ ನಿಯಮ ಇಲ್ಲದಿದ್ದರೆ ನಾನು ಬರೀ ಮರಗಳನ್ನು ನೋಡಿಕೊಂಡು ಮರಳುತ್ತಿದ್ದೆ.

ನಮ್ಮೊಡನೆ ಬಂದವರು ಹತ್ತಿರದ ಹಳ್ಳಿಯವರು. ಅರ್ಧ ಗಂಟೆ ನಡೆಯುವಷ್ಟರಲ್ಲಿ ಅವರು ಒಂದು ಮರದೆದುರು ನಿಂತು ಎದೆಯೆತ್ತರದಲ್ಲಿ ಏನನ್ನೋ ತೋರಿಸಿದರು. ನನಗೆ ಕಂಡದ್ದು ಪಾಚಿ ಮಾತ್ರ. ಆ ಪಾಚಿಯ ನಡುವೆ ಒಂದು ಕಣ್ಣು ಮೆಲ್ಲಗೆ ಹೊರಳಿದ ಮೇಲೆಯೇ, ಗೇಣಿಗಿಂತ ಉದ್ದದ ಹಸಿರು ಓತಿಯೊಂದು ಕಾಂಡವನ್ನು ತಬ್ಬಿ ಕುಳಿತಿರುವುದು, ಅದರ ಮೂಗಿನ ತುದಿಯಲ್ಲಿ ಗೋಲಿಯಂತಹ ಗಂಟಿರುವುದು, ಗಂಟಲ ಚೀಲ ಹಳದಿಯಾಗಿರುವುದು ಒಂದೊಂದಾಗಿ ಕಾಣತೊಡಗಿದವು. ಸಿಂಹಳದಲ್ಲಿ ಇದು ಗ್ಯಾಟಹೊಂಬು ಕಟುಸ್ಸಾ. ‘ಗ್ಯಾಟ’ ಎಂದರೆ ಗಂಟು. ಲೈರಿಯೋಸೆಫಾಲಸ್ ಕುಲಕ್ಕೆ ಸೇರಿದ್ದು ಇದೊಂದೇ ಪ್ರಭೇದ, ಅದೂ ಈ ದ್ವೀಪದಲ್ಲಿ ಮಾತ್ರ. ಹೆದರಿಸಿದರೆ ಬಾಯಿ ಅಗಲಿಸಿ ಒಳಗಿನ ಕೆಂಪು ತೋರಿಸುತ್ತದೆ. ಆದರೆ ಫೋಟೊಗಾಗಿ ಅದನ್ನು ಕೆಣಕುವ ಯೋಚನೆಯನ್ನೇ ಮಾಡದೆ, ಅವರು ನಮ್ಮನ್ನು ಎರಡು ಮಾರು ದೂರದಲ್ಲೇ ನಿಲ್ಲಿಸಿದರು. ಈ ಸಂಯಮಕ್ಕೆ ನನ್ನ ಪೂರ್ಣ ಅಂಕ.

ಮುಂದೆ ಒಂದೆಡೆ ಕೈ ಅಡ್ಡ ಹಿಡಿದು ತಡೆದರು. ಕಾಲುದಾರಿಯ ಅಂಚಿನಲ್ಲಿ ತರಗೆಲೆಯ ಬಣ್ಣದ ಗೂನುಮೂಗಿನ ಗುಳಿಮಂಡಲ ಸುರುಳಿ ಸುತ್ತಿಕೊಂಡು ಮಲಗಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಈ ಹಾವಿನ ಕಡಿತಕ್ಕೆ ಭಾರತದಲ್ಲಿ ತಯಾರಾಗುವ ಪ್ರತಿವಿಷ ಕೆಲಸ ಮಾಡುವುದಿಲ್ಲವಾದ್ದರಿಂದ, ಅವರ ಆ ಒಂದು ಸನ್ನೆಯ ಬೆಲೆ ದೊಡ್ಡದು.

ಅಸಮಾಧಾನವಿರುವುದು ಪ್ರವಾಸ ಏರ್ಪಡಿಸಿದ ಸಂಸ್ಥೆಯ ಬಗ್ಗೆ. ಐದು ಗಂಟೆಯ ನಡಿಗೆ ಎಂದು ಹೇಳಿ ಹಣ ಪಡೆದವರು, ಮೂರನೆಯ ಗಂಟೆಗೇ ಚಾಲಕನಿಂದ ಫೋನ್ ಮಾಡಿಸಿ ನಮ್ಮನ್ನು ಹೊರಡಿಸಿದರು. ತರಗೆಲೆಯ ಮೇಲೆ ತರಗೆಲೆಯಂತೆಯೇ ಬಾಳುವ, ಮೂಗಿನ ಮೇಲೆ ಪುಟ್ಟ ಕೊಂಬಿರುವ ಸೆರಟೋಫೋರಾ ಆಸ್ಪೆರಾ ಎಂಬ ಓತಿಯನ್ನು ಹುಡುಕಲು ಮಂಡಿಯೂರಿ ಕೂರುವಷ್ಟು ಸಮಯ ಬೇಕಿತ್ತು, ಅದು ಸಿಗಲಿಲ್ಲ. ಆದ್ದರಿಂದ ಹೋಗುವವರು ಹಿಂದಿನ ರಾತ್ರಿಯೇ ಕುಡವದಲ್ಲಿ ಉಳಿದು, ಮಾರ್ಗದರ್ಶಕರನ್ನು ದ್ವಾರದಲ್ಲೇ ಗೊತ್ತುಮಾಡಿಕೊಳ್ಳಿ, ‘ಹಕ್ಕಿಗಳಲ್ಲ, ಓತಿಗಳು’ ಎಂದು ಮೊದಲೇ ತಿಳಿಸಿ. ಇಂಬಳದ ಕಾಟ ವಿಪರೀತವಿರುವುದರಿಂದ ಮೊಣಕಾಲವರೆಗಿನ ಕಾಲುಚೀಲವನ್ನು ಊರಿನಿಂದಲೇ ಒಯ್ಯಿರಿ.